ಸಾಗರ ಜಂಬಗಾರು: ಒಂದು ರೈಲು ನಿಲ್ದಾಣದ ಇತಿಹಾಸ

ಕೇಳುಗರೆಲ್ಲರಿಗೂ ನಮಸ್ಕಾರ.

ಶಿವಮೊಗ್ಗ ಜಿಲ್ಲೆಯ ಸಾಗರ ಪಟ್ಟಣದ ರೈಲು ನಿಲ್ದಾಣಕ್ಕೆ ರೈಲ್ವೆಯವರು ಇಟ್ಟಿರುವ ಹೆಸರು ಸಾಗರ ಜಂಬಗಾರು. ಇದು ದಿನಕ್ಕೆ ಕೆಲವೇ ರೈಲುಗಳು ಬಂದುಹೋಗುವ ಸಣ್ಣ ನಿಲ್ದಾಣ. ಆದರೂ ಮೈಸೂರು ಸಂಸ್ಥಾನದ ಈಡೇರದ ಒಂದು ಹಂಬಲ ಮತ್ತು ಸ್ವತಂತ್ರ ಭಾರತದ ಆರಂಭದ ದಿನಗಳ ಒಂದು ದೊಡ್ಡ ರೈತ ಹೋರಾಟ, ಇವೆರಡೂ ಇದರ ಇತಿಹಾಸದೊಂದಿಗೆ ಬೆಸೆದುಕೊಂಡಿವೆ.

ಬೀರೂರಿನಿಂದ ಶಿವಮೊಗ್ಗಕ್ಕೆ ಮೀಟರ್ ಗೇಜ್ ರೈಲು, ಅಂದರೆ ಒಂದು ಮೀಟರ್ ಅಗಲದ ಹಳಿಯ ಮೇಲೆ ಓಡುವ ರೈಲು, ಬಂದದ್ದು 1899ರಲ್ಲಿ. ಅಲ್ಲಿಂದ ಸಾಗರವನ್ನು ಮುಟ್ಟಲು ಅದಕ್ಕೆ ಹೆಚ್ಚುಕಡಿಮೆ ನಲವತ್ತು ವರ್ಷ ಹಿಡಿಯಿತು. 1930ರಲ್ಲಿ ಅರಸಾಳಿನವರೆಗೆ, 1934ರಲ್ಲಿ ಆನಂದಪುರದವರೆಗೆ, 1938ರಲ್ಲಿ ಸಾಗರದವರೆಗೆ, ಕೊನೆಗೆ 1940ರಲ್ಲಿ ತಾಳಗುಪ್ಪದವರೆಗೆ, ಹೀಗೆ ಹಳಿ ಹಂತಹಂತವಾಗಿ ಮಲೆನಾಡಿನೊಳಗೆ ಬಂದಿತು. ಅಂದರೆ ಎರಡು ವರ್ಷ ಕಾಲ ಸಾಗರವೇ ಈ ಮಾರ್ಗದ ಕೊನೆಯ ನಿಲ್ದಾಣವಾಗಿತ್ತು.

ಮೈಸೂರು ಸಂಸ್ಥಾನಕ್ಕೆ ಸಮುದ್ರತೀರವಿರಲಿಲ್ಲ. 1912ರಿಂದ 1918ರವರೆಗೆ ದಿವಾನರಾಗಿದ್ದ ಸರ್ ಎಂ. ವಿಶ್ವೇಶ್ವರಯ್ಯನವರು, ಆಗ ಮುಂಬಯಿ ಪ್ರಾಂತ್ಯಕ್ಕೆ ಸೇರಿದ್ದ ಭಟ್ಕಳದಲ್ಲಿ ಬಂದರು ನಿರ್ಮಿಸಿ ಅದಕ್ಕೆ ರೈಲು ಸಂಪರ್ಕ ಕಲ್ಪಿಸಬೇಕೆಂದು ಬಹಳ ಪ್ರಯತ್ನಪಟ್ಟಿದ್ದರು. ಆ ಬಂದರು ಕೈಗೂಡಲಿಲ್ಲ. ಪಶ್ಚಿಮಕ್ಕೆ ಹೊರಟ ಈ ಹಳಿಯೂ ಘಟ್ಟ ಇಳಿಯದೆ ತಾಳಗುಪ್ಪದಲ್ಲೇ ನಿಂತಿತು. ಆದರೆ ತಾಳಗುಪ್ಪವು ಜೋಗಕ್ಕೆ ತೀರ ಹತ್ತಿರವಿದ್ದುದರಿಂದ ಮಾರ್ಗಕ್ಕೆ ಬೇರೊಂದು ಮಹತ್ವ ಬಂದಿತು. ಜೋಗದ ಜಲವಿದ್ಯುತ್ ಯೋಜನೆಯ ಕೆಲಸ ಆರಂಭವಾದದ್ದು 1939ರಲ್ಲಿ, ವಿದ್ಯುತ್ ಉತ್ಪಾದನೆ ಶುರುವಾದದ್ದು 1948ರಲ್ಲಿ. ಆ ವರ್ಷಗಳಲ್ಲಿ ಜಲಪಾತದ ಕಡೆಗೆ ರೈಲಿನಲ್ಲಿ ಹೊರಟವರೆಲ್ಲ ಸಾಗರವನ್ನು ಹಾದೇ ಹೋಗಬೇಕಿತ್ತು.

ಈ ನಿಲ್ದಾಣದ ಚರಿತ್ರೆಯಲ್ಲಿ ನಾನು ಎಲ್ಲಕ್ಕಿಂತ ಮುಖ್ಯವೆಂದು ಭಾವಿಸುವುದು 1951ನೆಯ ಇಸವಿಯನ್ನು. ಸಾಗರಕ್ಕೆ ಸಮೀಪದ ಕಾಗೋಡಿನಲ್ಲಿ ದೀವರ ಸಮುದಾಯದ ಗೇಣಿದಾರರು ಆ ವರ್ಷ ಭೂಮಾಲೀಕರ ವಿರುದ್ಧ ಸತ್ಯಾಗ್ರಹ ಹೂಡಿದರು. ತಕರಾರು ಹುಟ್ಟಿದ್ದು ಕೊಳಗದಿಂದ. ಸುಗ್ಗಿಯಾದ ಮೇಲೆ ಗೇಣಿಯ ಭತ್ತವನ್ನು ಕೊಳಗದಲ್ಲಿ ಅಳೆದು ಕೊಡುವುದು ರೂಢಿ. ಅಳೆಯುವ ಕೊಳಗ ಲೆಕ್ಕದ ಅಳತೆಗಿಂತ ಒಂದಿಷ್ಟು ದೊಡ್ಡದಾಗಿದ್ದರೂ, ಪ್ರತಿ ಸಲ ತುಂಬಿ ಸುರಿದಾಗ ಹೆಚ್ಚಿಗೆ ಹೋಗುವ ಭತ್ತವೆಲ್ಲ ಕೂಡಿ, ವರ್ಷವಿಡೀ ಗದ್ದೆಯಲ್ಲಿ ದುಡಿದವನ ಮನೆಯ ಊಟಕ್ಕೇ ಕೊರತೆಯಾಗುತ್ತದೆ. ಎಚ್. ಗಣಪತಿಯಪ್ಪನವರು ಗೇಣಿದಾರರನ್ನು ಸಂಘಟಿಸಿದರು. ಸಮಾಜವಾದಿ ಪಕ್ಷ ಹೋರಾಟದ ಬೆನ್ನಿಗೆ ನಿಂತಿತು. ಜೂನ್ ತಿಂಗಳಲ್ಲಿ ಆ ಪಕ್ಷದ ನಾಯಕ ಡಾ. ರಾಮಮನೋಹರ ಲೋಹಿಯಾ ಅವರೇ ಕಾಗೋಡಿಗೆ ಬಂದರು. ಅವರನ್ನು ಪೊಲೀಸರು ಬಂಧಿಸಿದ್ದು ಇದೇ ಸಾಗರದ ರೈಲು ನಿಲ್ದಾಣದಲ್ಲಿ. ದೇಶದ ಗಮನ ಆ ಹಳ್ಳಿಯ ಕಡೆಗೆ ಹರಿಯಿತು. ಉಳುವವನಿಗೇ ಭೂಮಿ ಎಂಬ ಬೇಡಿಕೆ ಕಾನೂನಿನಲ್ಲಿ ಗಟ್ಟಿಯಾಗಿ ನೆಲೆಯೂರಲು ಮಾತ್ರ 1974ರಲ್ಲಿ, ದೇವರಾಜ ಅರಸು ಅವರ ಸರ್ಕಾರದ ಕಾಲದಲ್ಲಿ, ಭೂಸುಧಾರಣಾ ತಿದ್ದುಪಡಿ ಜಾರಿಗೆ ಬರುವವರೆಗೆ ಕಾಯಬೇಕಾಯಿತು.

ಮುಂದಿನ ದಶಕಗಳು ನಿಲ್ದಾಣಕ್ಕೆ ಅಷ್ಟೇನೂ ಒಳ್ಳೆಯವಾಗಿರಲಿಲ್ಲ. ಬೀರೂರು–ಶಿವಮೊಗ್ಗ ಮಾರ್ಗವು 1990ರ ದಶಕದಲ್ಲಿ ಇನ್ನೂ ಅಗಲವಾದ ಹಳಿಯ ಬ್ರಾಡ್ ಗೇಜ್ ಆದಾಗ, ಶಿವಮೊಗ್ಗದಿಂದ ತಾಳಗುಪ್ಪದವರೆಗಿನ ಸುಮಾರು 97 ಕಿಲೋಮೀಟರ್ ಮೀಟರ್ ಗೇಜ್ ಹಳಿ ಉಳಿದ ಜಾಲದಿಂದ ಕಡಿದುಹೋಯಿತು. ದೂರದೂರಿನಿಂದ ಬಂದವರು ಶಿವಮೊಗ್ಗದಲ್ಲಿ ಗಂಟುಮೂಟೆ ಇಳಿಸಿಕೊಂಡು ಇನ್ನೊಂದು ಗಾಡಿ ಹತ್ತಬೇಕಾಯಿತು. ಆ ಗಾಡಿಯೂ ಪೂರ್ಣ ಪ್ರಮಾಣದ ರೈಲಾಗಿರಲಿಲ್ಲ. ಬಸ್ಸಿನಂತಹ ಒಡಲಿನ ರೈಲು ಬಸ್ಸು ಹಳಿಯ ಮೇಲೆ ಓಡುತ್ತಿತ್ತು. ಅದರಲ್ಲಿ ಹಿಡಿಸುವಷ್ಟು ಜನರ ಸಲುವಾಗಿಯಾದರೂ ಮಾರ್ಗ ಜೀವಂತವಾಗಿ ಉಳಿಯಿತು ಎಂಬುದನ್ನು ನಾವು ಕೃತಜ್ಞತೆಯಿಂದಲೇ ನೆನೆಯಬೇಕು, ಏಕೆಂದರೆ ಓಡಾಟ ಪೂರ್ತಿ ನಿಂತ ಹಳಿಯನ್ನು ಮತ್ತೆ ಕೇಳಿ ಪಡೆಯುವುದು ಸುಲಭವಲ್ಲ. ಗೇಜ್ ಪರಿವರ್ತನೆ ಮುಗಿದು 2011ರಲ್ಲಿ ಬ್ರಾಡ್ ಗೇಜ್ ರೈಲು ತಾಳಗುಪ್ಪ ತಲುಪಿದ ಮೇಲೆ, ಸಾಗರದವರು ನಡುವೆ ಗಾಡಿ ಬದಲಿಸದೆ ಬೆಂಗಳೂರಿಗೂ ಮೈಸೂರಿಗೂ ಹೋಗುವಂತಾಯಿತು.

ತಾಳಗುಪ್ಪದಿಂದ ಹೊನ್ನಾವರಕ್ಕೆ ಹಳಿ ಹಾಕಿ ಕೊಂಕಣ ರೈಲು ಮಾರ್ಗಕ್ಕೆ ಕೂಡಿಸಬೇಕೆಂಬ ಒತ್ತಾಯ ಈಗಲೂ ಇದೆ. ಆದರೆ ಆ ದಾರಿ ಸಾಗಬೇಕಾದದ್ದು ಶರಾವತಿ ಕಣಿವೆಯ ದಟ್ಟ ಕಾಡಿನ ಘಟ್ಟಗಳಲ್ಲಿ. ಈಗಾಗಲೇ ಜಲಾಶಯಗಳಿಗಾಗಿ ಅಷ್ಟೊಂದು ಕಾಡನ್ನೂ ಊರುಗಳನ್ನೂ ಬಿಟ್ಟುಕೊಟ್ಟಿರುವ ಆ ಕಣಿವೆಯಿಂದ ಮತ್ತೆ ನೆಲ ಕೇಳುವ ಮೊದಲು, ಇರುವ ಮಾರ್ಗದಲ್ಲೇ ಇನ್ನಷ್ಟು ರೈಲುಗಳನ್ನು ಓಡಿಸುವುದು ಸರಿಯೆಂದು ನನಗೆ ತೋರುತ್ತದೆ.

ನಿಲ್ದಾಣಕ್ಕೆ ಲೋಹಿಯಾ ಅವರ ಹೆಸರಿಡಬೇಕೆಂಬ ಬೇಡಿಕೆಯೂ ಸಾಗರದಲ್ಲಿ ಕೇಳಿಬರುತ್ತಲೇ ಬಂದಿದೆ. ನನ್ನ ಒಪ್ಪಿಗೆಯೂ ಅದಕ್ಕಿದೆ. ಆದರೆ ಲೋಹಿಯಾ ಬರುವುದಕ್ಕೆ ಮೊದಲೇ ಗದ್ದೆಗಿಳಿದು ಬಂಧನಕ್ಕೊಳಗಾದ ಕಾಗೋಡಿನ ಗೇಣಿದಾರರ ಹೆಸರುಗಳೂ ಅಲ್ಲಿನ ಪ್ಲಾಟ್‌ಫಾರ್ಮಿನ ಗೋಡೆಯ ಮೇಲೆ, ರೈಲಿನಿಂದ ಇಳಿದವರು ನಿಂತು ಓದುವಂತೆ, ಕನ್ನಡದಲ್ಲಿ ಇರಬೇಕು.

ನಮಸ್ಕಾರ.