1976ರ ಬೇಸಿಗೆ: ಆಡಿದವರು, ಬೆಲೆ ತೆತ್ತವರು

ಎಲ್ಲರಿಗೂ ನಮಸ್ಕಾರ.

"ಆಟದಲ್ಲಿ ರಾಜಕೀಯ ತರಬೇಡಿ." ಈ ಮಾತನ್ನು ನಾವೆಲ್ಲ ಕೇಳಿದ್ದೇವೆ. ನಮ್ಮಲ್ಲಿ ಎಷ್ಟೋ ಜನ ಆಡಿಯೂ ಇದ್ದೇವೆ. ಈ ಮಾತು ನಿಲ್ಲಲು ಜಾಗವೇ ಇಲ್ಲದಂತೆ ಆದ ಒಂದು ಬೇಸಿಗೆಯ ಬಗ್ಗೆ ಇವತ್ತು ಮಾತಾಡುತ್ತೇನೆ. ವರ್ಷ 1976. ನಮ್ಮ ಬೇಸಿಗೆ ಏಪ್ರಿಲ್, ಮೇ. ಇಂಗ್ಲೆಂಡ್, ಕೆನಡಾದವರಿಗೆ ಜೂನ್‌ನಿಂದ ಆಗಸ್ಟ್. ಎರಡನ್ನೂ ಸೇರಿಸಿಯೇ ಹೇಳುತ್ತೇನೆ. ಯಾಕೆಂದರೆ ಕಥೆ ಶುರುವಾಗುವುದು ನಮ್ಮವರಿಂದಲೇ.

ಏಪ್ರಿಲ್ 12, ಪೋರ್ಟ್ ಆಫ್ ಸ್ಪೇನ್. ನಾಲ್ಕನೇ ಇನ್ನಿಂಗ್ಸ್‌ನಲ್ಲಿ 403 ರನ್ ಬೇಕಿತ್ತು. ಭಾರತ 4 ವಿಕೆಟ್‌ಗೆ 406 ಹೊಡೆದು ಗೆದ್ದಿತು. ಗಾವಸ್ಕರ್ 102, ನಮ್ಮ ವಿಶ್ವನಾಥ್ 112, ಬ್ರಿಜೇಶ್ ಪಟೇಲ್ ಔಟಾಗದೆ 49. ವೆಸ್ಟ್ ಇಂಡೀಸ್ ನಾಯಕ ಕ್ಲೈವ್ ಲಾಯ್ಡ್ ಆ ಪಂದ್ಯಕ್ಕೆ ಮೂವರು ಸ್ಪಿನ್ನರ್‌ಗಳನ್ನು ಇಟ್ಟುಕೊಂಡಿದ್ದರು. ಸೋತ ಮೇಲೆ ಸ್ಪಿನ್ ಮೇಲಿನ ನಂಬಿಕೆ ಹೋಯಿತು. ಮುಂದಿನ ಟೆಸ್ಟ್ ಕಿಂಗ್‌ಸ್ಟನ್‌ನ ಸಬೀನಾ ಪಾರ್ಕ್‌ನಲ್ಲಿ. ಅಲ್ಲಿ ಇಳಿದದ್ದು ವೇಗದ ಪಡೆ. ಆಗ ಹೆಲ್ಮೆಟ್ ಇರಲಿಲ್ಲ. ಅಂಶುಮಾನ್ ಗಾಯಕ್ವಾಡ್ 81 ರನ್ ಹೊಡೆದ ಮೇಲೆ ಚೆಂಡು ಕಿವಿಗೆ ಬಿದ್ದು ಆಸ್ಪತ್ರೆ ಸೇರಿದರು. ವಿಶ್ವನಾಥ್ ಬೆರಳು ಮುರಿಯಿತು. ಬ್ರಿಜೇಶ್ ಬಾಯಿಗೆ ಏಟು. ಕ್ಯಾಪ್ಟನ್ ಬಿಷನ್ ಸಿಂಗ್ ಬೇಡಿ 6 ವಿಕೆಟ್‌ಗೆ 306 ಆದಾಗ ಡಿಕ್ಲೇರ್ ಮಾಡಿಬಿಟ್ಟರು. ಎರಡನೇ ಇನ್ನಿಂಗ್ಸ್ 97ಕ್ಕೆ ಮುಗಿಯಿತು. ಬ್ಯಾಟ್ ಹಿಡಿಯಲು ಆಗದೆ ಕೂತವರು ಐದು ಜನ. ಕಾನೂನಿನ ಪ್ರಕಾರ ಅಲ್ಲಿ ಯಾರೂ ತಪ್ಪು ಮಾಡಿರಲಿಲ್ಲ ಎನ್ನುವುದು ಒಂದು ವಾದ. ಅಂಪೈರ್‌ಗಳು ತಡೆಯಬಹುದಿತ್ತು, ತಡೆಯಲಿಲ್ಲ ಎನ್ನುವುದು ಇನ್ನೊಂದು. ನಾನು ಎರಡನೆಯ ಕಡೆ.

ಈ ಎರಡು ಟೆಸ್ಟ್‌ಗಳ ನಡುವಿನ ವಾರದಲ್ಲೇ ದೆಹಲಿಯ ತುರ್ಕಮನ್ ಗೇಟ್ ಹತ್ತಿರ ಮನೆಗಳನ್ನು ಬುಲ್ಡೋಜರ್‌ನಿಂದ ಕೆಡವಿದರು. ತಡೆಯಲು ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿದರು. ತುರ್ತು ಪರಿಸ್ಥಿತಿಯ ಕಾಲ ಅದು. ಪತ್ರಿಕೆಗಳ ಮೇಲೆ ಸೆನ್ಸಾರ್ ಇತ್ತು. ಗೆದ್ದ 406 ರನ್ ಊರೆಲ್ಲ ತಿಳಿಯಿತು, ಸತ್ತವರ ಸುದ್ದಿ ತಿಳಿಯಲಿಲ್ಲ. ಏಪ್ರಿಲ್ 28ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳಲ್ಲಿ ನಾಲ್ವರು ಒಂದು ತೀರ್ಪು ಕೊಟ್ಟರು. ಬಂಧನದಲ್ಲಿದ್ದವರು ಬಿಡುಗಡೆ ಕೇಳಿ ಕೋರ್ಟಿಗೆ ಹೋಗುವ ದಾರಿಯನ್ನೂ ಅದು ಮುಚ್ಚಿತು. ಬೇಡ ಎಂದವರು ಎಚ್. ಆರ್. ಖನ್ನಾ ಒಬ್ಬರೇ. ಮೇ ತಿಂಗಳಲ್ಲಿ ನಟಿ ಸ್ನೇಹಲತಾ ರೆಡ್ಡಿ ಬಂಧನವಾಯಿತು. ಆಸ್ತಮಾ ಇದ್ದ ಆ ಹೆಣ್ಣುಮಗಳು ಆ ಬೇಸಿಗೆಯನ್ನು ಕಳೆದದ್ದು ಬೆಂಗಳೂರಿನ ಸೆಂಟ್ರಲ್ ಜೈಲಿನಲ್ಲಿ. 1977ರ ಜನವರಿಯಲ್ಲಿ ಹೊರಗೆ ಬಂದರು, ಕೆಲವೇ ದಿನಗಳಲ್ಲಿ ತೀರಿಕೊಂಡರು. ಬಿಳಿಯರ ಸರ್ಕಾರ ಕರಿಯರನ್ನು ಬೇರೆಯಿಟ್ಟು ಆಳುತ್ತಿದ್ದ ದಕ್ಷಿಣ ಆಫ್ರಿಕಾದ ಅನ್ಯಾಯದ ಬಗ್ಗೆ ಈಗ ಹೇಳುತ್ತೇನೆ. ಹೇಳುವಾಗ ನಮ್ಮ ಮನೆಯೊಳಗೆ ಏನಾಗುತ್ತಿತ್ತು ಎಂಬುದನ್ನು ಮರೆಯಬಾರದು.

ಜೂನ್ ಬಂತು. ಸಬೀನಾ ಪಾರ್ಕ್‌ನಲ್ಲಿ ಪಳಗಿದ ವೇಗದ ಪಡೆ ಇಂಗ್ಲೆಂಡಿನಲ್ಲಿ ಟೆಸ್ಟ್ ಸರಣಿ ಶುರುಮಾಡಿತು. ಇಂಗ್ಲೆಂಡ್ ನಾಯಕ ಟೋನಿ ಗ್ರೆಗ್ ಸರಣಿಗೆ ಮುಂಚೆ ಟಿವಿಯಲ್ಲಿ, ಇವರನ್ನು ಮಂಡಿಯೂರಿ ತೆವಳುವ ಹಾಗೆ ಮಾಡುತ್ತೇನೆ ಎಂದುಬಿಟ್ಟರು. ಗ್ರೆಗ್ ಹುಟ್ಟಿ ಬೆಳೆದದ್ದು ದಕ್ಷಿಣ ಆಫ್ರಿಕಾದಲ್ಲಿ. ಅಲ್ಲಿಂದ ಬಂದ ಬಿಳಿಯನೊಬ್ಬ ಕರಿಯ ಆಟಗಾರರ ಬಗ್ಗೆ ಹೀಗೆ ಅಂದರೆ ಕೇಳುವವರಿಗೆ ಹೇಗಿರುತ್ತೆ? ಅವರ ಮನಸ್ಸಿನಲ್ಲಿ ಏನಿತ್ತೋ, ಆ ಮಾತಿಗೆ ಆ ವರ್ಷ ಒಂದೇ ಅರ್ಥ ಬರಲು ಸಾಧ್ಯವಿತ್ತು. ವಿವ್ ರಿಚರ್ಡ್ಸ್ ನಾಲ್ಕೇ ಟೆಸ್ಟ್‌ಗಳಲ್ಲಿ 829 ರನ್ ಹೊಡೆದರು. ಆಗಸ್ಟ್‌ನಲ್ಲಿ ಓವಲ್‌ನ ಸತ್ತ ಪಿಚ್ ಮೇಲೆ ಮೈಕಲ್ ಹೋಲ್ಡಿಂಗ್ 14 ವಿಕೆಟ್ ಕಿತ್ತರು. ಸರಣಿ 3-0. ಕೊನೆಗೆ ಗ್ರೆಗ್ ಅವರೇ ವೆಸ್ಟ್ ಇಂಡೀಸ್ ಅಭಿಮಾನಿಗಳ ಮುಂದೆ ಕೈ ಮಂಡಿ ಊರಿ ತೆವಳಿ ತೋರಿಸಿದರು. ಜನ ನಕ್ಕರು, ಅವರೂ ನಕ್ಕರು.

ಲಾರ್ಡ್ಸ್ ಟೆಸ್ಟ್ ಶುರುವಾದದ್ದು ಜೂನ್ 17ಕ್ಕೆ. ಅದರ ಹಿಂದಿನ ದಿನ ಸೊವೆಟೊ.

ಜೋಹಾನ್ಸ್‌ಬರ್ಗ್ ಪಕ್ಕದ ಕರಿಯರ ಬಡಾವಣೆ ಅದು. ಅರ್ಧದಷ್ಟು ಪಾಠಗಳನ್ನು, ಗಣಿತವನ್ನೂ ಸೇರಿಸಿ, ಆಫ್ರಿಕಾನ್ಸ್ ಭಾಷೆಯಲ್ಲೇ ಕಲಿಸಬೇಕು ಎಂದು ಸರ್ಕಾರ ಹುಕುಂ ಹೊರಡಿಸಿತ್ತು. ಆಳುವವರ ಭಾಷೆ. ಎಷ್ಟೋ ಮೇಷ್ಟ್ರುಗಳಿಗೇ ಅದು ಸರಿಯಾಗಿ ಬರುತ್ತಿರಲಿಲ್ಲ. ಮಕ್ಕಳು ಯೂನಿಫಾರ್ಮ್‌ನಲ್ಲೇ ಮೆರವಣಿಗೆ ಹೊರಟರು. ಒರ್ಲಾಂಡೊ ಸ್ಟೇಡಿಯಂ ತನಕ ಹೋಗಿ ಸಭೆ ಮಾಡುವುದು ಅವರ ಯೋಚನೆ. ಪೊಲೀಸರು ಗುಂಡು ಹಾರಿಸಿದರು. ಸ್ಯಾಮ್ ನ್ಜಿಮಾ ತೆಗೆದ ಒಂದು ಫೋಟೊ ಜಗತ್ತಿನ ಪತ್ರಿಕೆಗಳಲ್ಲೆಲ್ಲ ಬಂತು. ಹನ್ನೆರಡು ವರ್ಷದ ಹೆಕ್ಟರ್ ಪೀಟರ್ಸನ್‌ನನ್ನು ಒಬ್ಬ ಹುಡುಗ ಎರಡೂ ಕೈಯಲ್ಲಿ ಎತ್ತಿಕೊಂಡು ಓಡುತ್ತಿದ್ದಾನೆ. ಪಕ್ಕದಲ್ಲಿ ಹೆಕ್ಟರ್‌ನ ಅಕ್ಕ, ಅಂಗೈ ಮುಂದೆ ಚಾಚಿ, ಬಾಯಿ ತೆರೆದು ಓಡುತ್ತಿದ್ದಾಳೆ. ಎತ್ತಿಕೊಂಡ ಹುಡುಗ ಎಂಬುಯಿಸಾ ಮಖುಬೊ. ಪೊಲೀಸರು ಬೆನ್ನುಬಿದ್ದರು, ದೇಶ ಬಿಟ್ಟು ಓಡಬೇಕಾಯಿತು. ಮತ್ತೆ ಮನೆಗೆ ಬರಲೇ ಇಲ್ಲ. ಫೋಟೊ ತೆಗೆದವರಿಗೂ ಕಾಟ ತಪ್ಪಲಿಲ್ಲ.

ಇದಾಗಿ ಎರಡೇ ವಾರಕ್ಕೆ, ಜೂನ್ 30ರಂದು, ನ್ಯೂಜಿಲೆಂಡ್‌ನ ರಗ್ಬಿ ತಂಡ ಆಲ್ ಬ್ಲ್ಯಾಕ್ಸ್ ದಕ್ಷಿಣ ಆಫ್ರಿಕಾದಲ್ಲಿ ತನ್ನ ಪ್ರವಾಸದ ಮೊದಲ ಪಂದ್ಯ ಆಡಿತು. ನ್ಯೂಜಿಲೆಂಡ್‌ನ ಪ್ರಧಾನಿ ರಾಬರ್ಟ್ ಮಲ್ಡೂನ್, ಕ್ರೀಡೆಯಲ್ಲಿ ಸರ್ಕಾರ ಕೈಹಾಕುವುದಿಲ್ಲ ಎಂದು ಚುನಾವಣೆಯಲ್ಲಿ ಹೇಳಿಯೇ ಗೆದ್ದು ಬಂದಿದ್ದವರು. ಈ ನ್ಯೂಜಿಲೆಂಡ್ ತಂಡದ ಇನ್ನೊಂದು ಸಂಗತಿ ಕೇಳಿ. 1970ರ ಪ್ರವಾಸದಲ್ಲಿ ತಂಡದ ಮಾವೊರಿ ಆಟಗಾರರನ್ನು ದಕ್ಷಿಣ ಆಫ್ರಿಕಾ 'ಗೌರವ ಬಿಳಿಯರು' ಎಂದು ಕರೆದು ಒಳಗೆ ಬಿಟ್ಟಿತ್ತು. ಹೀಗೆ ಮೈಬಣ್ಣ ನೋಡಿ ಪಾಸ್ ಕೊಡುವ ದೇಶಕ್ಕೆ ಹೋಗಿ ಚೆಂಡು ಒದೆಯುವುದು ರಾಜಕೀಯವಲ್ಲ, ಹೋಗಬೇಡಿ ಅನ್ನುವುದು ಮಾತ್ರ ರಾಜಕೀಯ. ಈ ತರ್ಕ ನನಗೆ ಇವತ್ತಿಗೂ ಒಪ್ಪಿಗೆಯಾಗಿಲ್ಲ.

ಜುಲೈ 17ಕ್ಕೆ ಮಾಂಟ್ರಿಯಲ್ ಒಲಿಂಪಿಕ್ಸ್. ದಕ್ಷಿಣ ಆಫ್ರಿಕಾವನ್ನು ಒಲಿಂಪಿಕ್ಸ್‌ನಿಂದ ಆಗಲೇ ಹೊರಗಿಟ್ಟಿದ್ದರು. ಆಫ್ರಿಕಾದ ದೇಶಗಳು ಕೇಳಿದ್ದು, ನ್ಯೂಜಿಲೆಂಡನ್ನೂ ಒಳಗೆ ಬಿಡಬೇಡಿ ಎಂದು. ಒಲಿಂಪಿಕ್ ಸಮಿತಿ ಒಪ್ಪಲಿಲ್ಲ. ರಗ್ಬಿ ಒಲಿಂಪಿಕ್ಸ್ ಆಟವಲ್ಲ, ಅದಕ್ಕೂ ನಮಗೂ ಸಂಬಂಧವಿಲ್ಲ ಎಂದಿತು. 20ಕ್ಕೂ ಹೆಚ್ಚು ದೇಶಗಳು ಗಂಟುಮೂಟೆ ಕಟ್ಟಿದವು. ಹೆಚ್ಚಿನವು ಆಫ್ರಿಕಾದವು. ಇರಾಕ್, ಗಯಾನಾ ಕೂಡ ಸೇರಿಕೊಂಡವು. ಕೆಲವು ದೇಶಗಳ ಆಟಗಾರರು ಕ್ರೀಡಾಗ್ರಾಮದಲ್ಲಿ ಹಾಸಿಗೆ ಬಿಚ್ಚಿಯಾಗಿತ್ತು. ಒಂದೆರಡು ಸ್ಪರ್ಧೆ ಆಡಿ ವಾಪಸ್ ಹೋದವರೂ ಇದ್ದರು.

ಈಗ ಫಿಲ್ಬರ್ಟ್ ಬಾಯಿ ಕಥೆ. ತಾಂಜಾನಿಯಾದ ಓಟಗಾರ. 1974ರಲ್ಲಿ ನ್ಯೂಜಿಲೆಂಡ್‌ನ ಕ್ರೈಸ್ಟ್‌ಚರ್ಚ್‌ನಲ್ಲಿ ಕಾಮನ್‌ವೆಲ್ತ್ ಕ್ರೀಡಾಕೂಟ. 1500 ಮೀಟರ್ ಫೈನಲ್. ಸಾಮಾನ್ಯವಾಗಿ ಈ ಓಟದಲ್ಲಿ ಎಲ್ಲರೂ ಒಬ್ಬರ ಬೆನ್ನಿಗೆ ಒಬ್ಬರು ಅಂಟಿಕೊಂಡು, ಕೊನೆಯ ಸುತ್ತಿಗೆ ದಮ್ಮು ಉಳಿಸಿಕೊಳ್ಳುತ್ತಾರೆ. ಬಾಯಿ ಹಾಗಲ್ಲ. ಶುರುವಿನಿಂದಲೇ ಮುಂದೆ ಹೋಗಿ, ಗಾಳಿಯ ಹೊಡೆತವನ್ನೆಲ್ಲ ತಾನೇ ತಿಂದು, ಕೊನೆಯವರೆಗೂ ಯಾರಿಗೂ ಸಿಗಲಿಲ್ಲ. 3 ನಿಮಿಷ 32.2 ಸೆಕೆಂಡ್, ವಿಶ್ವದಾಖಲೆ. ಹಿಂದೆಯೇ ಬಂದ ನ್ಯೂಜಿಲೆಂಡ್‌ನ ಜಾನ್ ವಾಕರ್ ಕೂಡ ಹಳೆಯ ದಾಖಲೆ ಮುರಿದಿದ್ದರು. ಇವರಿಬ್ಬರೂ ಮಾಂಟ್ರಿಯಲ್‌ನಲ್ಲಿ ಎದುರಾಗುವುದನ್ನು ನೋಡಲು ಜಗತ್ತು ಎರಡು ವರ್ಷ ಕಾದಿತ್ತು. ಒಬ್ಬ ತಾಂಜಾನಿಯಾದವನು, ಒಬ್ಬ ನ್ಯೂಜಿಲೆಂಡ್‌ನವನು! ಜಗಳ ಇದ್ದದ್ದು ಈ ಎರಡು ದೇಶಗಳ ನಡುವೆಯೇ ಅಲ್ವಾ? ಬಾಯಿ ಹೋಗಲಿಲ್ಲ. ವಾಕರ್ 3 ನಿಮಿಷ 39.17 ಸೆಕೆಂಡ್‌ನಲ್ಲಿ ಚಿನ್ನ ಗೆದ್ದರು, ಕ್ರೈಸ್ಟ್‌ಚರ್ಚ್‌ನ ಓಟಕ್ಕಿಂತ ಸುಮಾರು ಏಳು ಸೆಕೆಂಡ್ ನಿಧಾನ. ವಾಕರ್ ತಪ್ಪಿಲ್ಲ, ಅವರು ರಗ್ಬಿ ಆಡಲು ಹೋಗಿರಲಿಲ್ಲ. ಬಾಯಿ ತಪ್ಪೂ ಇಲ್ಲ.

ಉಗಾಂಡದ ಜಾನ್ ಅಕೀ ಬುವಾ 1972ರಲ್ಲಿ 400 ಮೀಟರ್ ಹರ್ಡಲ್ಸ್ ಅನ್ನು ವಿಶ್ವದಾಖಲೆಯೊಂದಿಗೆ ಗೆದ್ದವರು. ಅವರೂ ಓಡಲಿಲ್ಲ. ಅವರ ದಾಖಲೆಯನ್ನು ಮಾಂಟ್ರಿಯಲ್‌ನಲ್ಲಿ ಅಮೆರಿಕದ ಎಡ್ವಿನ್ ಮೋಸೆಸ್ ಮುರಿದರು. ಗಯಾನಾದ ಜೇಮ್ಸ್ ಗಿಲ್ಕ್ಸ್, ದೇಶದ ಹೆಸರು ಬೇಡ, ಒಲಿಂಪಿಕ್ ಬಾವುಟದ ಕೆಳಗೆ ಒಬ್ಬನೇ ಓಡುತ್ತೇನೆ ಎಂದು ಬೇಡಿಕೊಂಡರು. ಸಮಿತಿ ಆಗುವುದಿಲ್ಲ ಎಂದಿತು. ರಗ್ಬಿಗೆ ನಮಗೆ ಸಂಬಂಧವಿಲ್ಲ ಎಂದು ಕೈತೊಳೆದುಕೊಂಡವರಿಗೆ ಒಬ್ಬ ಓಟಗಾರನಿಗೆ ಜಾಗ ಕೊಡಲು ನಿಯಮ ಅಡ್ಡ ಬಂತು. ನನಗೆ ಈ ಇಡೀ ಬೇಸಿಗೆಯಲ್ಲಿ ಅತಿ ಹೆಚ್ಚು ಸಿಟ್ಟು ಬರಿಸುವುದು ಇದು.

ನಾನು ಬಹಿಷ್ಕಾರ ತಪ್ಪು ಎನ್ನುತ್ತಿಲ್ಲ. ಸರಿಯಾಗಿಯೇ ಇತ್ತು. ಮಕ್ಕಳ ಮೇಲೆ ಗುಂಡು ಹಾರಿಸಿದ ಸರ್ಕಾರಕ್ಕೆ ಎಲ್ಲವೂ ಮಾಮೂಲಿ ಎಂಬ ಭಾವನೆ ಬರಬಾರದಿತ್ತು. ನಮ್ಮ ದೇಶ 1946ರಲ್ಲೇ ದಕ್ಷಿಣ ಆಫ್ರಿಕಾ ಜೊತೆ ವ್ಯಾಪಾರ ನಿಲ್ಲಿಸಿತ್ತು. 1974ರಲ್ಲಿ ಡೇವಿಸ್ ಕಪ್ ಫೈನಲ್ ತಲುಪಿದ ಭಾರತ, ಎದುರಾಳಿ ದಕ್ಷಿಣ ಆಫ್ರಿಕಾ ಎಂಬ ಕಾರಣಕ್ಕೆ ಆಡದೆ ಕಪ್ ಬಿಟ್ಟುಕೊಟ್ಟಿತು. ಅದು ಹೆಮ್ಮೆಯ ವಿಷಯವೇ. ಆದರೆ ಕಪ್ ಬಿಟ್ಟದ್ದು ವಿಜಯ್ ಮತ್ತು ಆನಂದ್ ಅಮೃತರಾಜ್ ಕೈಯಿಂದ. ನಿರ್ಧಾರ ಮಾಡಿದವರ ಮನೆಯಿಂದ ಒಂದು ಕಾಸೂ ಹೋಗಲಿಲ್ಲ. ನ್ಯೂಜಿಲೆಂಡ್‌ನ ರಗ್ಬಿ ಮಂಡಳಿಯೂ ಏನನ್ನೂ ಕಳೆದುಕೊಳ್ಳಲಿಲ್ಲ. ಮೂವತ್ತರೊಳಗೆ ಮುಗಿದು ಹೋಗುವ ಆಟದ ಬದುಕನ್ನು ಕಳೆದುಕೊಂಡವರು ಓಟಗಾರರು.

ನಮ್ಮ ಹಾಕಿಯವರ ವಿಷಯವನ್ನೂ ಹೇಳಿಬಿಡುತ್ತೇನೆ. ಭಾರತ ಮಾಂಟ್ರಿಯಲ್‌ಗೆ ಹೋಗಿತ್ತು. 1975ರ ವಿಶ್ವಕಪ್ ಗೆದ್ದ ತಂಡ, ಕೊಡಗಿನ ಬಿ. ಪಿ. ಗೋವಿಂದ ಎರಡರಲ್ಲೂ ಇದ್ದರು. ಒಲಿಂಪಿಕ್ಸ್ ಹಾಕಿ ಮೊದಲ ಸಲ ಕೃತಕ ಹುಲ್ಲಿನ ಮೇಲೆ ನಡೆಯಿತು. ಮಣ್ಣು, ಹುಲ್ಲಿನ ಮೇಲೆ ಡ್ರಿಬಲ್ ಮಾಡಿ ಬೆಳೆದವರಿಗೆ ಆ ಚೆಂಡಿನ ವೇಗ ಹೊಸದು. ಆಸ್ಟ್ರೇಲಿಯಾ ಎದುರು 1-6 ಸೋಲು. ಕೊನೆಗೆ ಏಳನೇ ಸ್ಥಾನ. 1928ರಿಂದ ಒಂದು ಸಲವೂ ಪದಕವಿಲ್ಲದೆ ಬಂದಿರಲಿಲ್ಲ. ಚಿನ್ನ ಗೆದ್ದವರು ಯಾರು ಗೊತ್ತಾ? ನ್ಯೂಜಿಲೆಂಡ್.

ಅದೇ ಕೂಟದಲ್ಲಿ ತೈವಾನ್‌ಗೂ ಬಾಗಿಲು ಮುಚ್ಚಿತು. ಕೆನಡಾ 1970ರಲ್ಲೇ ಬೀಜಿಂಗ್ ಸರ್ಕಾರವನ್ನು ಒಪ್ಪಿಕೊಂಡಿತ್ತು. ಹಾಗಾಗಿ 'ಚೀನಾ ಗಣರಾಜ್ಯ' ಎಂಬ ಹೆಸರಿನಲ್ಲಿ ಆಡಲು ಬಿಡಲಿಲ್ಲ, ತೈವಾನ್ ವಾಪಸ್ ಹೋಯಿತು. ಇದಕ್ಕಿಂತ ಜನರ ಬಾಯಲ್ಲಿ ಜಾಸ್ತಿ ಓಡಾಡಿದ್ದು ಸೋವಿಯತ್ ಸೇನೆಯ ಬೋರಿಸ್ ಒನಿಶ್ಚೆಂಕೊ ಮೋಸ. ಕತ್ತಿವರಸೆಯಲ್ಲಿ ಕತ್ತಿಯ ತುದಿ ಎದುರಾಳಿಗೆ ಒತ್ತಿದಾಗ ವಿದ್ಯುತ್ ಸರ್ಕ್ಯೂಟ್ ಕೂಡಿ ದೀಪ ಹತ್ತುತ್ತದೆ. ಬ್ರಿಟನ್ನಿನ ಜಿಮ್ ಫಾಕ್ಸ್ ಹಿಂದೆ ಸರಿದಿದ್ದರು, ತುದಿ ತಾಗಿರಲೇ ಇಲ್ಲ, ಆದರೂ ದೀಪ ಹತ್ತಿತು. ಕತ್ತಿ ಬಿಚ್ಚಿ ನೋಡಿದರೆ ಹಿಡಿಯಲ್ಲಿ ಗುಟ್ಟಿನ ಸ್ವಿಚ್. ಅವತ್ತೇ ಹೊರಗೆ ಹಾಕಿದರು.

ಆ ಮೋಸ ಕಣ್ಣಿಗೆ ಕಂಡಿತು. ಕಾಣದೆ ಹೋದದ್ದು ಈಜುಕೊಳದಲ್ಲಿತ್ತು. ಪೂರ್ವ ಜರ್ಮನಿಯ ಹುಡುಗಿಯರು 13 ಸ್ಪರ್ಧೆಗಳಲ್ಲಿ 11 ಚಿನ್ನ ಗೆದ್ದರು. ಅಮೆರಿಕದ ಶರ್ಲಿ ಬಾಬಾಶಾಫ್, ಇವರ ದನಿ, ಮೈಕಟ್ಟು ನೋಡಿ, ಏನೋ ಸರಿಯಿಲ್ಲ ಎಂದರು. ಸೋತ ಹೊಟ್ಟೆಕಿಚ್ಚು ಎಂದು ಅವರದೇ ದೇಶದ ಪತ್ರಿಕೆಗಳು ಜರೆದವು. ಬರ್ಲಿನ್ ಗೋಡೆ ಬಿದ್ದ ಮೇಲೆ ಸರ್ಕಾರಿ ಕಡತಗಳು ಸಿಕ್ಕವು. ವಿಟಮಿನ್ ಎಂದು ಹೇಳಿ ಹದಿಹರೆಯದ ಹುಡುಗಿಯರಿಗೆ ಗಂಡು ಹಾರ್ಮೋನಿನ ಮಾತ್ರೆ ಕೊಟ್ಟಿದ್ದರು. ಅಲ್ಲಿನ ಕ್ರೀಡಾ ಮುಖ್ಯಸ್ಥ ಮಾನ್‌ಫ್ರೆಡ್ ಎವಾಲ್ಡ್‌ಗೆ 2000ದಲ್ಲಿ ಕೋರ್ಟು ಶಿಕ್ಷೆ ವಿಧಿಸಿತು, ಜೈಲಿಗೆ ಮಾತ್ರ ಕಳಿಸಲಿಲ್ಲ. ಮಾತ್ರೆ ನುಂಗಿದವರಲ್ಲಿ ಎಷ್ಟೋ ಜನ ಜೀವನಪೂರ್ತಿ ಕಾಯಿಲೆ ಅನುಭವಿಸಿದರು. ಅವರನ್ನು ಮೋಸಗಾರ್ತಿಯರು ಎಂದು ಕರೆಯಲು ನನಗೆ ಬಾಯಿ ಬರುವುದಿಲ್ಲ.

ಜಗತ್ತಿನಲ್ಲಿ ಆ ಬೇಸಿಗೆ ಇನ್ನೂ ಏನೇನೋ ಆಯಿತು. ಉಗಾಂಡದ ಎಂಟೆಬೆ ವಿಮಾನ ನಿಲ್ದಾಣದಲ್ಲಿ ಇಸ್ರೇಲ್ ಒತ್ತೆಯಾಳುಗಳನ್ನು ಬಿಡಿಸಿತು. ಜುಲೈ 28ರಂದು ಚೀನಾದ ತಾಂಗ್‌ಶಾನ್ ಭೂಕಂಪದಲ್ಲಿ ಎರಡು ಲಕ್ಷಕ್ಕೂ ಹೆಚ್ಚು ಜನ ಸತ್ತರು. ಒಲಿಂಪಿಕ್ಸ್ ಆಗಿನ್ನೂ ನಡೆಯುತ್ತಲೇ ಇತ್ತು.

ಬಹಿಷ್ಕಾರದಿಂದ ಏನಾದರೂ ಆಯಿತಾ ಎಂದು ಕೇಳಬಹುದು. ಮುಂದಿನ ವರ್ಷ, 1977ರ ಜೂನ್‌ನಲ್ಲಿ, ಕಾಮನ್‌ವೆಲ್ತ್ ನಾಯಕರು ಗ್ಲೆನೀಗಲ್ಸ್‌ನಲ್ಲಿ ದಕ್ಷಿಣ ಆಫ್ರಿಕಾ ಜೊತೆಗಿನ ಆಟದ ಸಂಬಂಧವನ್ನು ತಡೆಯಲು ಒಪ್ಪಂದ ಮಾಡಿಕೊಂಡರು. ಮಲ್ಡೂನ್ ಕೂಡ ಒಪ್ಪಿದರು. ಆದರೂ 1981ರಲ್ಲಿ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ನ್ಯೂಜಿಲೆಂಡಿಗೆ ಬಂತು. ಈ ಸಲ ಬೆಲೆ ತೆರಲು ಮುಂದೆ ಬಂದದ್ದು ಅಲ್ಲಿನ ಸಾಮಾನ್ಯ ಜನ. ಜುಲೈ 25ರಂದು ಹ್ಯಾಮಿಲ್ಟನ್‌ನಲ್ಲಿ ನೂರಾರು ಜನ ಬೇಲಿ ಕಿತ್ತು ಒಳಗೆ ನುಗ್ಗಿದರು. ಮೈದಾನದ ನಡುವೆ ತೋಳಿಗೆ ತೋಳು ಹೆಣೆದು ನಿಂತರು. ಪಂದ್ಯ ನೋಡಲು ಬಂದವರು ಬಾಟಲಿ ಎಸೆದರು, ಹೊರಗೆ ಹೋಗುವಾಗ ಹೊಡೆದರು. ಪಂದ್ಯ ರದ್ದಾಯಿತು. ಆ ಪ್ರವಾಸ ಮುಗಿದ ಮೇಲೆ ದಕ್ಷಿಣ ಆಫ್ರಿಕಾದ ರಗ್ಬಿ ತಂಡ ಮತ್ತೆ ನ್ಯೂಜಿಲೆಂಡಿಗೆ ಕಾಲಿಟ್ಟದ್ದು 1994ರಲ್ಲಿ. ಅಷ್ಟು ಹೊತ್ತಿಗೆ ಅಲ್ಲಿ ಮಂಡೇಲಾ ಅಧ್ಯಕ್ಷರಾಗಿದ್ದರು.