ಕಾಡಿಗೆ ಕೊಟ್ಟ ದಾನ, ಕಾಡಿನವರೆಗಿನ ದಾರಿ

ಮಾನ್ಯರೇ,

1920ರ ದಶಕದ ಕೊನೆಯಲ್ಲಿ, ತೈಲ ಉದ್ಯಮದ ಸಿರಿವಂತ ಮನೆತನದ ಜಾನ್ ಡಿ. ರಾಕ್‌ಫೆಲರ್ ಜೂನಿಯರ್ ಅಮೆರಿಕದ ವಯೋಮಿಂಗ್ ರಾಜ್ಯದಲ್ಲಿ, ತಮ್ಮ ಹೆಸರು ಹೊರಬೀಳದಂತೆ ಒಂದು ಕಂಪನಿಯ ಮೂಲಕ ಜಮೀನು ಕೊಳ್ಳಿಸತೊಡಗಿದರು. 1949ರಲ್ಲಿ ಅವರು ಸರ್ಕಾರಕ್ಕೆ ದಾನವಾಗಿ ಕೊಟ್ಟ 30,000 ಎಕರೆಗೂ ಮಿಕ್ಕಿದ ಆ ನೆಲ ಮರುವರ್ಷ ಗ್ರ್ಯಾಂಡ್ ಟೀಟನ್ ರಾಷ್ಟ್ರೀಯ ಉದ್ಯಾನವನ್ನು ಸೇರಿತು. ಇಂಥ ಔದಾರ್ಯವನ್ನು ನಾನು ಹಗುರವಾಗಿ ಕಾಣುವುದಿಲ್ಲ. ಆದರೆ ನೆಲ ಉಳಿದ ಮಾತ್ರಕ್ಕೆ ಅದರ ಬಾಗಿಲು ಎಲ್ಲರಿಗೂ ತೆರೆದುಕೊಳ್ಳುವುದಿಲ್ಲ. 1872ರಲ್ಲಿ ಘೋಷಣೆಯಾದ ಯೆಲ್ಲೊಸ್ಟೋನ್ ಉದ್ಯಾನದಿಂದ, ತಲೆತಲಾಂತರದಿಂದ ಅಲ್ಲೇ ಬೇಟೆಯಾಡಿ ಬದುಕಿದ್ದ ಮೂಲನಿವಾಸಿಗಳನ್ನು ಹೊರಗಿಡಲಾಯಿತು. ವರ್ಜೀನಿಯಾದ ಶೆನಂಡೋವಾ ಉದ್ಯಾನದಲ್ಲಿ 1939ರಲ್ಲಿ ಲೂಯಿಸ್ ಮೌಂಟನ್ ಎಂಬ ತಂಗುದಾಣವನ್ನು ಕಪ್ಪು ಜನರಿಗೆಂದೇ ಬೇರೆಯಾಗಿ ತೆರೆಯಲಾಯಿತು.

ಈ ಗೆರೆಗಳು ಕಾಗದದಿಂದ ಅಳಿಸಿಹೋಗಿ ದಶಕಗಳೇ ಕಳೆದಿವೆ; ನೆಲದ ಮೇಲೆ ಇನ್ನೂ ಪೂರ್ತಿಯಾಗಿ ಅಳಿಸಿಲ್ಲ. 2015ರಲ್ಲಿ ಅಮೆರಿಕ ಸರ್ಕಾರವು ನಾಲ್ಕನೆಯ ತರಗತಿಯ ಮಕ್ಕಳಿಗೂ ಅವರ ಮನೆಯವರಿಗೂ ರಾಷ್ಟ್ರೀಯ ಉದ್ಯಾನಗಳ ಪ್ರವೇಶವನ್ನು ಉಚಿತಗೊಳಿಸಿತು. ಒಳ್ಳೆಯ ಹೆಜ್ಜೆ, ನಿಜ. ಆದರೆ ಮನೆಯಲ್ಲಿ ಕಾರಿಲ್ಲದ, ತಂದೆತಾಯಿಗೆ ವಾರದ ರಜೆಯೂ ಖಾತ್ರಿಯಿಲ್ಲದ ಮಗುವನ್ನು ತಡೆದದ್ದು ಟಿಕೆಟ್ಟಿನ ದರವೊಂದೇ ಅಲ್ಲ. ಆ ಮಗುವಿಗೆ ಬಸ್ಸು ಬೇಕು, ಊಟದ ಬುತ್ತಿ ಬೇಕು, ಜೊತೆಗೆ ನಡೆಯುವ ನಂಬಿಕೆಯ ಹಿರಿಯರೊಬ್ಬರು ಬೇಕು. ಹೊಳೆಯ ಅಂಚಿಗೆ ಬಂದು ನಿಂತ ಹುಡುಗಿಯೊಬ್ಬಳನ್ನು ಕಲ್ಪಿಸಿಕೊಳ್ಳಿ: ಗೆಳತಿಯರೆಲ್ಲ ನೀರಿಗಿಳಿದರೂ ಅವಳು ಇಳಿಯುವುದಿಲ್ಲ, ಏಕೆಂದರೆ ಕಾಲಲ್ಲಿರುವುದು ಅವಳ ಒಂದೇ ಒಂದು ಜೊತೆ ಶೂ, ನಾಳೆ ಶಾಲೆಗೂ ಅದನ್ನೇ ಹಾಕಿಕೊಂಡು ಹೋಗಬೇಕು. ನೋಡುವವರಿಗೆ ಅವಳು ನೀರಿಗೆ ಹೆದರಿದಂತೆ ಕಾಣುತ್ತದೆ.

ನನ್ನ ವಾದ ನಿಂತಿರುವುದು ಈ ಶೂಗಳ ಮೇಲೆ. ದತ್ತಿ ಸಂಸ್ಥೆಗಳಿಗೆ ಜಮೀನು ಕೊಳ್ಳುವುದು, ಕಟ್ಟಡ ಕಟ್ಟುವುದು, ಫಲಕದ ಮೇಲೆ ಹೆಸರು ಕೆತ್ತಿಸುವುದು ಸುಲಭವಾಗಿ ಅರ್ಥವಾಗುತ್ತದೆ. ಮಳೆ ಅಂಗಿ, ಬಸ್ಸಿನ ಬಾಡಿಗೆ, ಮಾರ್ಗದರ್ಶಕರ ಸಂಬಳ ಇವೆಲ್ಲ ಅವುಗಳ ಲೆಕ್ಕದಲ್ಲಿ ‘ಇತರೆ ಖರ್ಚು’ ಆಗಿಬಿಡುತ್ತವೆ. ಮಗುವಿಗೆ ಕಾಡು ಸಿಗುವುದು ಈ ಇತರೆ ಖರ್ಚಿನಿಂದಲೇ. ಅಮೆರಿಕದ ನ್ಯಾಷನಲ್ ಪಾರ್ಕ್ ಫೌಂಡೇಶನ್ ಶಾಲಾ ಮಕ್ಕಳ ಪ್ರಯಾಣಕ್ಕೆಂದೇ ಅನುದಾನ ಕೊಡುತ್ತಿರುವುದು ಈ ತಿಳಿವಳಿಕೆಯಿಂದ.

ಇನ್ನು, ಹಣ ಯಾರ ಕೈಗೆ ಹೋಗುತ್ತದೆ ಎಂಬ ಪ್ರಶ್ನೆ. ಪರಿಸರ ಸಮಾಜಶಾಸ್ತ್ರಜ್ಞೆ ಡಾರ್ಸೆಟಾ ಟೇಲರ್ 2014ರಲ್ಲಿ ಅಮೆರಿಕದ ಪರಿಸರ ಸಂಘಟನೆಗಳನ್ನೂ ಸರ್ಕಾರಿ ಇಲಾಖೆಗಳನ್ನೂ ಅನುದಾನ ಕೊಡುವ ಪ್ರತಿಷ್ಠಾನಗಳನ್ನೂ ಸಮೀಕ್ಷಿಸಿ ಪ್ರಕಟಿಸಿದ ವರದಿಯ ಪ್ರಕಾರ, ಅಲ್ಲಿನ ಸಿಬ್ಬಂದಿಯಲ್ಲಿ ಬಿಳಿಯರಲ್ಲದವರ ಪಾಲು ಶೇ. 16ನ್ನು ದಾಟಿರಲಿಲ್ಲ, ದೇಶದ ಜನಸಂಖ್ಯೆಯಲ್ಲಿ ಅವರ ಪಾಲು ಇದರ ಎರಡು ಪಟ್ಟಿಗೂ ಹೆಚ್ಚಿತ್ತು. 2021ರ ಗ್ಲಾಸ್ಗೋ ಹವಾಮಾನ ಸಮ್ಮೇಳನದಲ್ಲಿ ಸರ್ಕಾರಗಳೂ ಖಾಸಗಿ ದಾನಿಗಳೂ ಸೇರಿ, ಅರಣ್ಯ ಕಾಯುವ ಮೂಲನಿವಾಸಿಗಳು ಮತ್ತು ಸ್ಥಳೀಯ ಸಮುದಾಯಗಳಿಗಾಗಿ 170 ಕೋಟಿ ಡಾಲರ್ ಕೊಡುವುದಾಗಿ ಮಾತು ಕೊಟ್ಟರು. ಮೊದಲ ವರ್ಷ ವೆಚ್ಚವಾದ ಹಣದಲ್ಲಿ ಆ ಸಮುದಾಯಗಳ ಸಂಘಟನೆಗಳಿಗೆ ನೇರವಾಗಿ ತಲುಪಿದ್ದು ಶೇ. 7 ಎಂದು ದಾನಿಗಳ ವರದಿಯೇ ಹೇಳಿತು. ಉಳಿದದ್ದರಲ್ಲಿ ಹೆಚ್ಚಿನ ಪಾಲು ಮಧ್ಯವರ್ತಿ ಸಂಸ್ಥೆಗಳ ಮೂಲಕ ಹರಿಯಿತು. ದಾನಿಗಳು ಈ ಅಂಕಿಯನ್ನು ಮುಚ್ಚಿಡದೆ ಹೇಳಿದ್ದು ಮೆಚ್ಚತಕ್ಕದ್ದು, ಆದರೆ ಅಂಕಿ ನೋವಿನದು.

ಕಾರಣ ದುರುದ್ದೇಶವಲ್ಲ. ನಾಲ್ಕು ಜನರ ಸಣ್ಣ ಸಂಘವೊಂದು ನಲವತ್ತು ಪುಟದ ಅರ್ಜಿ ತುಂಬಲಾರದು, ಮೂರು ವರ್ಷದ ಲೆಕ್ಕಪರಿಶೋಧನೆಯ ಪ್ರತಿ ಒದಗಿಸಲಾರದು. ಅರ್ಜಿ ಬರೆಯುವುದನ್ನೇ ಕಸುಬಾಗಿಸಿಕೊಂಡ ದೊಡ್ಡ ಸಂಸ್ಥೆ ಅದೆಲ್ಲವನ್ನೂ ವಾರದೊಳಗೆ ಮುಗಿಸುತ್ತದೆ. ಹೀಗಾಗಿ, ಕೊಡುವವರಲ್ಲಿ ನನ್ನ ಕೋರಿಕೆ ಇಷ್ಟು: ಅರ್ಜಿಯನ್ನು ಎರಡು ಪುಟಕ್ಕಿಳಿಸಿ, ಅನುದಾನವನ್ನು ಒಂದಲ್ಲ, ಐದು ವರ್ಷಕ್ಕೆ ಕೊಡಿ, ಖರ್ಚಿನ ಬಾಬತ್ತನ್ನು ಆ ಸಂಘವೇ ತೀರ್ಮಾನಿಸಲಿ. ಆ ಹುಡುಗಿಯ ಶೂ ಒಂದೇ ಜೊತೆ ಎಂಬುದು ಸಂಘದವರಿಗೆ ಗೊತ್ತಿರುತ್ತದೆ.