ನೊರೆಯ ಬರಿ ಕೇಳೋಣ

ಕೇಳುಗರೆಲ್ಲರಿಗೂ ನಮಸ್ಕಾರ.

ಇವತ್ತು ನಾನು ಒಂದೇ ಒಂದು ಇಂಗ್ಲಿಷ್ ಪದದ ಬಗ್ಗೆ ಮಾತನಾಡಲಿಕ್ಕೆ ಬಂದಿದ್ದೇನೆ. ಎಸ್, ಯು, ಡಿ, ಎಸ್. ಸಡ್ಸ್. ಸಾಬೂನು ನೀರಿನ ಮೇಲೆ ಏಳುವ ನೊರೆ. ಒಂದು ಪದಕ್ಕೆ ಇಷ್ಟು ಹೊತ್ತು ಬೇಕಾ ಎಂದು ಕಾರ್ಯಕ್ರಮದವರು ಕೇಳಿದರು. ಸಾಲುವುದಿಲ್ಲ ಎಂದೆ. ಬಟ್ಟೆ ಒಗೆಯುತ್ತಾ ರೇಡಿಯೋ ಹಾಕಿಕೊಂಡಿರುವವರಿಗೆ ವಿಷಯ ಕೈಯಲ್ಲೇ ಉಂಟು, ನಾನು ವಿವರಿಸಬೇಕಾಗಿಲ್ಲ. ಮಕ್ಕಳ ಇಂಗ್ಲಿಷ್ ಪಾಠಕ್ಕೆ ಉಪಯೋಗ ಆಗುತ್ತದೆ ಎಂದು ಕೂತಿರುವ ತಂದೆ ತಾಯಿಯರೂ ಸ್ವಲ್ಪ ತಾಳ್ಮೆಯಿಂದ ಕೇಳಿ.

ನನಗೆ ಹೇಳಲಿಕ್ಕಿರುವುದು ಒಂದೇ ಮಾತು. ಎರಡು ಪದ ಕಿವಿಗೆ ಒಂದೇ ಥರ ಕೇಳಿದ ಮಾತ್ರಕ್ಕೆ ಅವು ನೆಂಟರಲ್ಲ. ನಮ್ಮ ತುಳುನಾಡಿನಲ್ಲಿ ಇಬ್ಬರ ಹೆಸರಿನ ಕೊನೆಗೆ ಶೆಟ್ಟಿ ಅಂತ ಇದ್ದರೆ ಅವರು ಅಣ್ಣತಮ್ಮಂದಿರು ಅಂತ ಯಾರಾದರೂ ಹೇಳುತ್ತಾರಾ? ಇಲ್ಲ. ಮದುವೆ ಮಾತು ಬಂದ ಕೂಡಲೇ ಹಿರಿಯರು ಬರಿ ಯಾವುದು ಅಂತ ಕೇಳುತ್ತಾರೆ. ಘಟ್ಟದ ಮೇಲಿನ ಕೇಳುಗರಿಗೆ ಹೇಳುತ್ತೇನೆ, ಬರಿ ಎಂದರೆ ತಾಯಿಯ ಕಡೆಯಿಂದ ಬರುವ ಬಳಿ, ಅಂದರೆ ವಂಶದ ಹೆಸರು, ಗೋತ್ರದ ಹಾಗೆ. ಹೆಸರು ಒಂದೇ ಇದ್ದು ಬರಿ ಬೇರೆ ಇರಬಹುದು. ಹೆಸರು ಬೇರೆ ಇದ್ದೂ ಬರಿ ಒಂದೇ ಇರಬಹುದು. ಪದಗಳೂ ಹೀಗೆಯೇ. ಬರಿ ಕೇಳಬೇಕು.

ಇದನ್ನು ಯಾಕೆ ಇಷ್ಟು ಒತ್ತಿ ಹೇಳುತ್ತಿದ್ದೇನೆ ಎಂದರೆ, ನಮ್ಮ ಪಕ್ಕದ ಮನೆಯಲ್ಲಿ ಒಂದು ಘಟನೆ ಆಯಿತು.

ಆ ಮನೆಯ ಅಕ್ಕನಿಗೆ ಮುಂಬೈಯಲ್ಲಿರುವ ಮಗ ಒಂದು ಬಟ್ಟೆ ಒಗೆಯುವ ಮಿಷನ್ ಕಳಿಸಿದ. ಎದುರಿನಲ್ಲಿ ದುಂಡಗಿನ ಗಾಜಿನ ಬಾಗಿಲು ಇರುವಂಥದ್ದು. ಯಾವ ಕಂಪನಿ ಅಂತ ಹೇಳುವುದಿಲ್ಲ, ಆಕಾಶವಾಣಿಯಲ್ಲಿ ಹೇಳಲೂಬಾರದು. ಆಟಿ ತಿಂಗಳು. ಮಳೆ ಬಿಟ್ಟೂ ಬಿಡದೆ ಸುರಿಯುತ್ತಿತ್ತು. ಒಣಗದ ಬಟ್ಟೆಯ ಮುಗ್ಗುಲು ವಾಸನೆ ನಮ್ಮ ಊರಿನವರಿಗೆ ಗೊತ್ತಿರುವುದೇ. ಆ ವಾಸನೆ ಹೋಗಲಿ ಅಂತ ಅಕ್ಕ ಕೈಯಲ್ಲಿ ಒಗೆಯುವ ಪೌಡರನ್ನು ಧಾರಾಳವಾಗಿ ಹಾಕಿದರು. ಇನ್ನೂ ಒಂದು ಹಿಡಿ ಇರಲಿ ಅಂತ ಮೇಲಿನಿಂದ ಹಾಕಿದರು. ಬಾಗಿಲು ಮುಚ್ಚಿ ಸ್ವಿಚ್ ಒತ್ತಿ ಅಡುಗೆಗೆ ಹೋದರು.

ಸ್ವಲ್ಪ ಹೊತ್ತಿಗೆ ಮಿಷನ್ ತಿರುಗುವುದು ನಿಂತಿತು. ಪೀಂ ಪೀಂ ಅಂತ ಸದ್ದು. ಬಂದು ನೋಡಿದರೆ ಮುಂದಿನ ಸಣ್ಣ ಪರದೆಯಲ್ಲಿ ಮೂರು ಅಕ್ಷರ ಮಿನುಗುತ್ತಿದೆ. ಎಸ್, ಯು, ಡಿ. ಅಕ್ಕನಿಗೆ ಇಂಗ್ಲಿಷ್ ಅಕ್ಷರ ಚೆನ್ನಾಗಿಯೇ ಗೊತ್ತು. ಕೂಡಿಸಿ ಓದಿದರು. ಸುಡ್.

ಕನ್ನಡದವರಿಗೆ ಇದನ್ನು ಓದಿದರೆ ಬೇರೆ ಏನು ಹೊಳೆಯುತ್ತದೆ ಹೇಳಿ? ಅವರು ಓಡಿ ಬಂದು ಕಂಪೌಂಡಿನ ಆಚೆಯಿಂದ ಕೂಗಿದರು. "ಮಾಷ್ಟ್ರೇ, ಬೇಗ ಬನ್ನಿ ಮಾರಾಯ್ರೇ! ಮಿಷನು ಸುಡ್ತದೆ ಅಂತ ಅದೇ ಬರ್ದು ತೋರಿಸ್ತಾ ಉಂಟು!"

ನಾನು ಕೊಡೆ ಹುಡುಕಿ ಹೋಗುವಷ್ಟರಲ್ಲಿ ಮೇನ್ ಸ್ವಿಚ್ ಆಫ್ ಆಗಿತ್ತು. ಗ್ಯಾಸ್ ಸಿಲಿಂಡರ್ ಜಗಲಿಗೆ ಬಂದಿತ್ತು. ದೇವರ ಕೋಣೆಯ ದೀಪವನ್ನೂ ಶಾಂತ ಮಾಡಿದ್ದರು. ಎದುರು ಮನೆಯಲ್ಲಿ ವೈರಿಂಗ್ ಮಾಡುತ್ತಿದ್ದ ಹುಡುಗನನ್ನು ಕರೆತಂದಾಗಿತ್ತು. ಅವನು ಟೆಸ್ಟರ್ ಹಿಡಿದು ಎಲ್ಲ ನೋಡಿದ. "ಕರೆಂಟ್ ಎಲ್ಲ ಸರಿ ಉಂಟು ಅಕ್ಕ. ಅದು ಎಸ್ ಅಲ್ಲ, ಐದು. ಐದನೇ ನಂಬರಿನ ಕಂಪ್ಲೇಂಟ್" ಎಂದ. ಆ ಪರದೆಯಲ್ಲಿ ಎಸ್ ಮತ್ತು ಐದು ಒಂದೇ ಥರ ಕಾಣುವುದು ಹೌದು. ಅಷ್ಟರಲ್ಲಿ ಬ್ಯಾಂಕಿನಲ್ಲಿದ್ದು ನಿವೃತ್ತರಾದ ಇನ್ನೊಬ್ಬ ನೆರೆಯವರು ಬಂದರು. ಅದು ಸಡನ್ ಅಂತ ಬರೆಯಲಿಕ್ಕೆ ಹೋಗಿ ಜಾಗ ಸಾಲದೆ ಅರ್ಧಕ್ಕೆ ನಿಂತದ್ದು ಎಂದರು. ಬಹಳ ಗಂಭೀರವಾಗಿ ಹೇಳಿದರು.

ನಾನು ಗಾಜಿನ ಬಾಗಿಲು ನೋಡಿದೆ. ಒಳಗೆ ಬಟ್ಟೆಯೇ ಕಾಣುವುದಿಲ್ಲ, ಬರೀ ನೊರೆ. "ಅಕ್ಕ, ಇದು ಸಡ್. ನೊರೆ ಜಾಸ್ತಿ ಆಗಿದೆ ಅಂತ ಅದು ಹೇಳ್ತಾ ಇರುವುದು" ಎಂದೆ.

ಅಕ್ಕ ಸೊಂಟಕ್ಕೆ ಕೈ ಕೊಟ್ಟು ಕೇಳಿದರು. "ನೊರೆಗೆ ಸುಡ್ ಅಂತ ಯಾಕೆ ಹೇಳ್ಬೇಕು ಮಾಷ್ಟ್ರೇ?"

ನ್ಯಾಯವಾದ ಪ್ರಶ್ನೆ. ಅದಕ್ಕೆ ಉತ್ತರ ಹೇಳುತ್ತೇನೆ. ಅದಕ್ಕೆ ಮೊದಲು ಮಿಷನ್ನಿನ ವಿಷಯ ಎರಡು ಮಾತಿನಲ್ಲಿ ಮುಗಿಸುತ್ತೇನೆ. ಇಂಥ ಮಿಷನ್‌ನಲ್ಲಿ ಬಟ್ಟೆ ಮೇಲಕ್ಕೆ ಹೋಗಿ ಕೆಳಕ್ಕೆ ಬೀಳುವಾಗ ಕೊಳೆ ಬಿಡುತ್ತದೆ. ನೊರೆ ತುಂಬಿದರೆ ಬಟ್ಟೆ ಬೀಳುವುದೇ ಇಲ್ಲ, ನೊರೆಯ ಮೇಲೆ ತೇಲುತ್ತದೆ. ನೊರೆ ಇಳಿಯಲಿ ಅಂತ ಮಿಷನ್ ಕಾಯುತ್ತದೆ. ಇದಕ್ಕೆಂದೇ ಕಡಿಮೆ ನೊರೆಯ ಪೌಡರ್ ಸಿಗುತ್ತದೆ, ಅದನ್ನು ತನ್ನಿ. ಜಾಸ್ತಿ ನೊರೆ ಬಂದರೆ ಜಾಸ್ತಿ ಚೊಕ್ಕ ಎಂಬುದು ಸುಳ್ಳು.

ಈಗ ಉತ್ತರ. ಸಡ್ಸ್ ಎಂಬ ಪದ ಇಂಗ್ಲಿಷಿನಲ್ಲಿ ಕಾಣಿಸಿಕೊಂಡದ್ದು 16ನೇ ಶತಮಾನದಲ್ಲಿ. ಆಗ ಅದಕ್ಕೂ ಸಾಬೂನಿಗೂ ಸಂಬಂಧವೇ ಇರಲಿಲ್ಲ. ಅದರ ಅರ್ಥ ಗಸಿ, ಕೊಳೆ, ತಳದಲ್ಲಿ ಉಳಿದ ಹೊಲಸು. ನಮ್ಮ ಕೋಳಿ ಸಾರಿಗೆ ಹೇಳುವ ಕೋರಿ ಗಸಿಯ ಗಸಿ ಅಲ್ಲ, ಪಾತ್ರೆಯ ಅಡಿಯಲ್ಲಿ ನಿಲ್ಲುವ ಗಸಿ. ಇಂಗ್ಲೆಂಡಿನ ಪೂರ್ವದ ಕರಾವಳಿಯಲ್ಲಿ ಈಸ್ಟ್ ಆಂಗ್ಲಿಯ ಅಂತ ಒಂದು ತಗ್ಗು ಪ್ರದೇಶ ಉಂಟು. ಜೌಗು ನೆಲ, ನೀರು ನಿಲ್ಲುವ ಜಾಗ. ಅಲ್ಲಿಯವರ ಬಾಯಲ್ಲಿ ಈ ಪದ ಹೆಚ್ಚು ಇತ್ತು. ಸಮುದ್ರದ ಆಚೆ ದಡದಲ್ಲಿ ಡಚ್ಚರು. ಅವರ ಹಳೆಯ ಭಾಷೆಯಲ್ಲಿ ಸುಡ್ಸೆ ಎಂದರೆ ಜೌಗು. ಪದ ಬಹುಶಃ ಅಲ್ಲಿಂದ ಬಂದಿರಬೇಕು ಎಂದು ನಿಘಂಟುಗಳು ಹೇಳುತ್ತವೆ. 1580ರ ಸುಮಾರಿಗೆ ಅದು ಸಾಬೂನು ಕದಡಿದ ನೀರಿಗೂ ಹೆಸರಾಯಿತು. ಬಟ್ಟೆ ಹಿಂಡಿದ ನೀರನ್ನು ನೋಡಿದರೆ ಯಾಕೆ ಅಂತ ಗೊತ್ತಾಗುತ್ತದೆ. ನಾವು ಜಾಹೀರಾತಿನಲ್ಲಿ ಬೆಳ್ಳಗೆ ತೋರಿಸುವ ವಸ್ತುವಿಗೆ ಕೆಸರಿನ ಹೆಸರು! ಆಮೇಲೆ ಇಂಗ್ಲಿಷಿನವರು ಕಷ್ಟದಲ್ಲಿ ಸಿಕ್ಕಿಬಿದ್ದವನನ್ನು ಸಡ್ಸ್‌ನಲ್ಲಿ ಇದ್ದಾನೆ ಎನ್ನುತ್ತಿದ್ದರು. ನಮ್ಮ ಅಕ್ಕನ ಆ ದಿನದ ಸ್ಥಿತಿಗೆ ಚೆನ್ನಾಗಿ ಹೊಂದುತ್ತದೆ.

ಈ ಪದದ ಬರಿ ಇನ್ನೂ ಹಿಂದಕ್ಕೆ ಹೋಗುತ್ತದೆ. ಇಂಗ್ಲಿಷಿನಲ್ಲಿ ಸೀದ್ ಅಂತ ಒಂದು ಕ್ರಿಯಾಪದ. ಈಗ ಅದಕ್ಕೆ ಸಿಟ್ಟಿನಿಂದ ಕುದಿ ಎಂಬ ಅರ್ಥ. ಮೊದಲು ನಿಜವಾಗಿಯೂ ಕುದಿಸು, ಬೇಯಿಸು ಎಂದೇ ಅರ್ಥ ಇತ್ತು. 1611ರ ಇಂಗ್ಲಿಷ್ ಬೈಬಲಿನಲ್ಲಿ ಯಾಕೋಬ ಸಾರು ಬೇಯಿಸಿದ ಕಡೆ ಇದರ ಭೂತಕಾಲದ ರೂಪವೇ ಇದೆ, ಸಾಡ್ ಅಂತ. ನೆನೆದು ತೊಪ್ಪೆಯಾದದ್ದಕ್ಕೆ ಸಾಡನ್ ಎನ್ನುತ್ತಾರೆ, ಅದೂ ಇದೇ ಮನೆಯದು. ಜರ್ಮನ್ ಭಾಷೆಯ ಸೀಡನ್ ಎಂದರೂ ಕುದಿಯುವುದು. ಸಡ್ಸ್ ಈ ಕುಟುಂಬದ ಮಗಳು.

ನಾನು ಇಷ್ಟು ಹೇಳಿದ್ದೇ ತಪ್ಪಾಯಿತು ನೋಡಿ, ಆ ಬ್ಯಾಂಕಿನವರಿಗೆ ಕಣ್ಣು ಅರಳಿತು. ಕುದಿಯುವುದು ಎಂದರೆ ಬಿಸಿ, ಬಿಸಿ ಎಂದರೆ ಸುಡು, ಆದ್ದರಿಂದ ಇಂಗ್ಲಿಷಿನ ಸಡ್ಸ್ ಕನ್ನಡದ ಸುಡುವಿನಿಂದ ಹೋದದ್ದು! ರಾತ್ರಿಯೊಳಗೆ ವಾಟ್ಸಾಪ್‌ನಲ್ಲಿ ಎಲ್ಲ ಕಡೆ ಹೋಯಿತು. ಮರುದಿನ ಇನ್ನೊಬ್ಬರು, ಇಲ್ಲ, ತುಳುವಿನ ಸುದೆಯಿಂದ ಬಂದದ್ದು ಎಂದರು. ಸುದೆ ಎಂದರೆ ಹೊಳೆ, ಹೊಳೆಯಲ್ಲಿ ಬಟ್ಟೆ ಒಗೆಯುತ್ತಾರೆ, ಒಗೆದರೆ ನೊರೆ ಬರುತ್ತದೆ. ಮುಗಿಯಿತು.

ದಯವಿಟ್ಟು, ದಯವಿಟ್ಟು ಹೀಗೆ ಮಾಡಬೇಡಿ. ಬರಿ ಕೇಳಿ.

ಕನ್ನಡದ ಸುಡು ಶಬ್ದದ ನೆಂಟರು ಯಾರು? ತೆಂಕಕ್ಕೆ ಕಾಸರಗೋಡು ದಾಟಿ ಹೋಗಿ. ಹೋಟೆಲಿನಲ್ಲಿ ಬಿಸಿನೀರು ಬೇಕಾದರೆ ಚೂಡು ವೆಳ್ಳಂ ಎಂದು ಕೇಳುತ್ತೀರಿ. ಚೂಡು, ಚ. ತಮಿಳಿನಲ್ಲೂ ಇದನ್ನು ಚಕಾರದಲ್ಲೇ ಬರೆಯುತ್ತಾರೆ. ಹಳೆಯ ಅಕ್ಷರ ಚ, ಕನ್ನಡದಲ್ಲಿ ಅದು ಸ ಆಯಿತು. ಇಂಗ್ಲಿಷಿನ ಸಡ್ಸ್ ಮೊದಲಿನಿಂದಲೂ ಸಕಾರದ ಮನೆಯದು. ಹಿಂದೆ ಹಿಂದೆ ಹೋದಷ್ಟೂ ಎರಡೂ ದೂರ ಆಗುತ್ತವೆ, ಹತ್ತಿರ ಬರುವುದಿಲ್ಲ. ನಿಜವಾದ ನೆಂಟರು ಹಿಂದೆ ಹೋದಷ್ಟೂ ಹತ್ತಿರ ಬರಬೇಕು.

ನಿಜವಾದ ನೆಂಟರು ಹೇಗಿರುತ್ತಾರೆ ಅಂತ ತೋರಿಸಲಿಕ್ಕೆ ನಮ್ಮ ನೊರೆಯನ್ನೇ ತೆಗೆದುಕೊಳ್ಳೋಣ. ಕನ್ನಡದಲ್ಲಿ ನೊರೆ. ತುಳುವಿನಲ್ಲಿ ನುರೆ. ಮಲಯಾಳದಲ್ಲಿ ನುರ. ತಮಿಳಿನಲ್ಲಿ ನುರೈ. ನಮ್ಮಲ್ಲಿ ಒಕಾರ, ಉಳಿದವರಲ್ಲಿ ಉಕಾರ. ಇದು ಆಕಸ್ಮಿಕವಾ? ಇನ್ನೊಂದು ನೋಡಿ. ನಮ್ಮ ಹೊಗೆ ತುಳುವಿನಲ್ಲಿ ಪುಗೆ, ತಮಿಳಿನಲ್ಲಿ ಪುಗೈ. ನಮ್ಮ ಕೊಡೆ ತಮಿಳಿನಲ್ಲಿ ಕುಡೈ, ಮಲಯಾಳದಲ್ಲಿ ಕುಡ. ಪ್ರತಿ ಸಲವೂ ಅದೇ ಬದಲಾವಣೆ. ಹೀಗೆ ಸಾಲಾಗಿ, ನಿಯಮದಂತೆ ಬದಲಾದರೆ ಮಾತ್ರ ನೆಂಟಸ್ತಿಕೆ. ಒಂದು ಪದ ಒಂದು ಪದಕ್ಕೆ ಹೋಲಿದರೆ ಅದು ಸುಮ್ನೆ ಹೋಲಿಕೆ.

ಇದರಲ್ಲಿ ಮಂಗಳೂರಿನವರು ಹಿಂದೆ ಬೀಳಬಾರದು. ಕಿಟೆಲ್ಲರ ಕನ್ನಡ ನಿಘಂಟು 1894ರಲ್ಲಿ ಹೊರಬಂದದ್ದು ಇಲ್ಲಿಯೇ, ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆಯಿಂದ. ಮ್ಯಾನರರ ತುಳು ನಿಘಂಟು ಅದಕ್ಕೂ ಮೊದಲು, 1886ರಲ್ಲಿ, ಇದೇ ಊರಿನಲ್ಲಿ ಅಚ್ಚಾಯಿತು. ನಿಘಂಟಿನ ಊರಿನಲ್ಲಿ ಕೂತು ವಾಟ್ಸಾಪ್ ನಂಬುವುದೇ?

ಈಗ ಉಲ್ಟಾ ಉದಾಹರಣೆ. ಸಾಬೂನು ನೊರೆಗೆ ಇಂಗ್ಲಿಷಿನಲ್ಲಿ ಇನ್ನೊಂದು ಪದ ಉಂಟು, ಲ್ಯಾದರ್. ಕ್ಷೌರಕ್ಕೆ ಮುಂಚೆ ಕೆನ್ನೆಗೆ ಬಳಿಯುತ್ತಾರಲ್ಲ, ಆ ನೊರೆ. ಓಡಿ ದಣಿದ ಕುದುರೆಯ ಮೈಮೇಲೆ ಬರುವ ಬೆವರಿನ ನೊರೆಗೂ ಅದೇ ಹೆಸರು. ಇದರ ನೆಂಟರು ಯಾರು ಗೊತ್ತಾ? ಲಾಂಡ್ರಿ. ಲೋಷನ್. ಮತ್ತೆ ಲ್ಯಾವೆಟರಿ. ಈ ಮೂರೂ ಲ್ಯಾಟಿನ್ನಿನ ಲವಾರೆಯಿಂದ ಬಂದವು, ಅಂದರೆ ತೊಳೆಯುವುದು. ಲ್ಯಾದರ್ ಲ್ಯಾಟಿನ್ನಿನಿಂದ ಬಂದದ್ದಲ್ಲ, ಹಳೆಯ ಇಂಗ್ಲಿಷಿನ ಸ್ವಂತ ಪದ. ಆದರೆ ಇಬ್ಬರಿಗೂ ಮೂಲ ತಾಯಿ ಒಬ್ಬಳೇ. ಲ್ಯಾದರ್, ಲ್ಯಾವೆಟರಿ ಕೇಳಲಿಕ್ಕೆ ಬೇರೆ ಬೇರೆ, ಬರಿ ಒಂದೇ. ಸಡ್, ಸುಡು ಕೇಳಲಿಕ್ಕೆ ಒಂದೇ, ಬರಿ ಬೇರೆ. ಇದಕ್ಕಿಂತ ಸುಲಭವಾಗಿ ನನಗೆ ಹೇಳಲಿಕ್ಕೆ ಬರುವುದಿಲ್ಲ.

ಸೋಪ್ ಪದದ ಬಗ್ಗೆ ದೊಡ್ಡದಾಗಿ ಹೇಳಬೇಕೆಂದಿದ್ದೆ, ಅಕ್ಕನ ಮಿಷನ್ ಹೊತ್ತು ತಿಂದಿತು. ಬೇಗ ಹೇಳುತ್ತೇನೆ. ರೋಮ್ ಹತ್ತಿರ ಸಾಪೋ ಎಂಬ ಬೆಟ್ಟ, ಅಲ್ಲಿ ಬಲಿ ಕೊಟ್ಟ ಪ್ರಾಣಿಯ ಕೊಬ್ಬು ಮತ್ತು ಬೂದಿ ಮಳೆಗೆ ಕರಗಿ ಹೊಳೆಗಿಳಿದು ಸೋಪ್ ಆಯಿತು ಎಂಬ ಕತೆಯನ್ನು ಶಾಲೆಯ ಮಕ್ಕಳ ಪ್ರಾಜೆಕ್ಟುಗಳಲ್ಲಿ ನೋಡುತ್ತಿರುತ್ತೇನೆ. ಅಂಥ ಬೆಟ್ಟವನ್ನು ಯಾರೂ ತೋರಿಸಿಕೊಟ್ಟಿಲ್ಲ. ಅದು ಪದದ ಸದ್ದು ಕೇಳಿ ಕಟ್ಟಿದ ಕತೆ, ನಮ್ಮ ಸುದೆಯ ಕತೆಯ ಹಾಗೆ. ರೋಮಿನ ಪ್ಲಿನಿ ಎಂಬ ಲೇಖಕ ಒಂದನೇ ಶತಮಾನದಲ್ಲೇ ಸಾಪೋ ಎಂದರೆ ಏನು ಅಂತ ಬರೆದಿಟ್ಟಿದ್ದಾನೆ. ಅದು ಈಗಿನ ಫ್ರಾನ್ಸಿನ ಕಡೆಯ ಗಾಲ್ ಜನರು ಕಂಡುಹಿಡಿದದ್ದು, ಕೊಬ್ಬು ಮತ್ತು ಬೂದಿಯಿಂದ ಮಾಡುತ್ತಾರೆ, ಕೂದಲು ಕೆಂಪಗೆ ಮಾಡಲಿಕ್ಕೆ ಹಚ್ಚುತ್ತಾರೆ. ಜರ್ಮನ್ನರಲ್ಲಿ ಹೆಂಗಸರಿಗಿಂತ ಗಂಡಸರೇ ಅದನ್ನು ಜಾಸ್ತಿ ಬಳಸುತ್ತಾರೆ ಎಂದೂ ಸೇರಿಸಿದ್ದಾನೆ! ಉತ್ತರದ ಆ ಪದವೇ ಲ್ಯಾಟಿನ್ನಿಗೆ ಹೋಯಿತು. ಮುಂದೆ ಅರಬ್ಬಿಯಲ್ಲಿ ಸಾಬೂನ್ ಆಯಿತು, ನಮ್ಮಲ್ಲಿ ಸಾಬೂನು. ಸೋಪು, ಸಾಬೂನು ಎರಡೂ ಒಂದೇ ಬರಿ, ಬಂದ ದಾರಿ ಬೇರೆ.

ಟೀವಿ ಧಾರಾವಾಹಿಗೆ ಸೋಪ್ ಅನ್ನುವುದು ಯಾಕೆ? ಅದು ಹುಟ್ಟಿದ್ದೇ ರೇಡಿಯೋದಲ್ಲಿ. 1930ರ ದಶಕದಲ್ಲಿ ಅಮೆರಿಕದಲ್ಲಿ ಮನೆಯಲ್ಲಿರುವ ಹೆಂಗಸರಿಗಾಗಿ ಹಗಲು ಹೊತ್ತು ಕಾಲು ಗಂಟೆಯ ನಾಟಕಗಳು ಬರುತ್ತಿದ್ದವು. ಅವಕ್ಕೆ ಹಣ ಕೊಡುತ್ತಿದ್ದವರು ಸೋಪು, ಪೌಡರ್ ಮಾರುವವರು. ಅಷ್ಟೆ.

ಶಾಂಪೂ ನಮ್ಮ ದೇಶದಿಂದಲೇ ಹೋದ ಪದ. ಹಿಂದಿಯ ಚಾಂಪೋ, ಒತ್ತು, ತಿಕ್ಕು ಎಂದರ್ಥ. ಪಾಟ್ನಾದ ದೀನ್ ಮಹಮ್ಮದ್ ಎಂಬವರು 19ನೇ ಶತಮಾನದ ಮೊದಲಿಗೆ ಇಂಗ್ಲೆಂಡಿನ ಬ್ರೈಟನ್ನಿನಲ್ಲಿ ಮೈ ತಿಕ್ಕುವ ಸ್ನಾನಗೃಹ ತೆರೆದು ಅದನ್ನು ಊರಿಗೆಲ್ಲ ಪರಿಚಯಿಸಿದರು. ಇಂಗ್ಲಿಷರು ಆಗ ಮೈ ಒತ್ತುವುದಕ್ಕೇ ಶಾಂಪೂ ಎನ್ನುತ್ತಿದ್ದರು, ತಲೆ ತೊಳೆಯುವುದಕ್ಕೆ ಬಂದದ್ದು ಆಮೇಲೆ. ನೋಡಿ, ಭಾರತದಿಂದ ಹೋದ ಪದಕ್ಕೆ ಹೋದ ದಾರಿ, ಒಯ್ದ ಮನುಷ್ಯ, ಊರು ಎಲ್ಲವೂ ಸಿಗುತ್ತದೆ. ಸುಡುವಿಗೆ ಅದು ಯಾವುದೂ ಇಲ್ಲ.

ಕೊನೆಗೆ ಒಂದು. ಅಮೆರಿಕದವರು ಮಾತಿನ ಸಲಿಗೆಯಲ್ಲಿ ಬಿಯರಿಗೂ ಸಡ್ಸ್ ಎನ್ನುತ್ತಾರೆ. 20ನೇ ಶತಮಾನದ ಮೊದಲ ವರ್ಷಗಳಿಂದ ಈ ಬಳಕೆ ಸಿಗುತ್ತದೆ. ಅದರ ನೊರೆಯ ಬಗ್ಗೆ ಆಕಾಶವಾಣಿಯಲ್ಲಿ ಇದಕ್ಕಿಂತ ಹೆಚ್ಚು ಹೇಳುವ ಹಾಗಿಲ್ಲ. ನಮಸ್ಕಾರ.